ರಿಜಿಸ್ಟರಿನಲ್ಲಿ "ಹುಳ ಮುಟ್ಟಿದೆ", ಜಿನೀವಾದಲ್ಲಿ "2030ರ ಗುರಿ": ಹಾವು ಕಡಿತದ ಯುವ ಸಂಶೋಧಕರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಈಗ ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಮಲೆನಾಡಿನ ಎರಡು ತಾಲ್ಲೂಕುಗಳಲ್ಲಿ ಹಾವು ಕಡಿತದ ಸಾವುಗಳ ಮೇಲೆ ಕೆಲಸ. ಯಾವ ಸೆಮಿನಾರಿಗೆ ಹೋದರೂ "ಜಾಗತಿಕ ಆರೋಗ್ಯ ನೀತಿಯಲ್ಲಿ ಯುವ ಸಂಶೋಧಕರ ದನಿ ಕೇಳಬೇಕು" ಅನ್ನುತ್ತಾರೆ. ಆದರೆ ನೀತಿ ಆಗುವುದು ಜಿನೀವಾದಲ್ಲೋ ದೆಹಲಿಯಲ್ಲೋ. ನನ್ನ ಹತ್ತಿರ ಇರುವುದು ನಾಲ್ಕು ರಿಜಿಸ್ಟರಿನ ನಕಲು, ಒಂದು ಎಕ್ಸೆಲ್ ಶೀಟು. ಇದರ ಮಧ್ಯೆ ವಿದೇಶಿ ತಂಡವೊಂದು ಡೇಟಾ ಕೊಡಿ, ಜೊತೆಗೆ ಪೇಪರ್ ಬರೆಯೋಣ ಎಂದು ಕೇಳಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಆ ಎಕ್ಸೆಲ್ ಶೀಟಿನಿಂದಲೇ. ಹಾವು ಕಡಿತದ ನೀತಿಗೆ ಮೇಲಿಂದ ಕೆಳಗಿನವರೆಗೆ ಕೊರತೆ ಬಿದ್ದಿರುವುದು ನಂಬುವಂಥ ಲೆಕ್ಕ. ಆ ಲೆಕ್ಕ ತೆಗೆಯಲು ಬೇಕಾದ ಪುರುಸೊತ್ತು, ತಾಳ್ಮೆ, ಬಸ್ಸಿನಲ್ಲಿ ಓಡಾಡುವ ಶಕ್ತಿ ಇರುವುದು ನಿಮ್ಮ ವಯಸ್ಸಿನವರಿಗೆ ಮಾತ್ರ.

ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕೇಂದ್ರ ಸರ್ಕಾರದ 2016ರಿಂದ 2020ರವರೆಗಿನ ಆರೋಗ್ಯ ಅಂಕಿಅಂಶಗಳ ಪ್ರಕಾರ ದೇಶದಲ್ಲಿ ವರ್ಷಕ್ಕೆ ಸರಾಸರಿ 3 ಲಕ್ಷ ಮಂದಿಗೆ ಹಾವು ಕಚ್ಚುತ್ತದೆ, ಸುಮಾರು 2,000 ಮಂದಿ ಸಾಯುತ್ತಾರೆ. ಮಿಲಿಯನ್ ಡೆತ್ ಸ್ಟಡಿಯನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಅಂದಾಜಿನಲ್ಲಿ 2000ದಿಂದ 2019ರವರೆಗೆ ಸತ್ತವರು 12 ಲಕ್ಷ, ವರ್ಷಕ್ಕೆ 58,000. ಹತ್ತಿರ ಹತ್ತಿರ 29 ಪಟ್ಟು ಅಂತರ. ಮೊದಲನೆಯದು ಆಸ್ಪತ್ರೆಯ ಕಾಗದದಲ್ಲಿ ಬಂದ ಸಾವು. ಎರಡನೆಯದು ಮನೆಮನೆಗೆ ಹೋಗಿ, ಸಾವು ಹೇಗಾಯಿತು ಎಂದು ಮನೆಯವರನ್ನೇ ಕೇಳಿ ಬರೆದುಕೊಂಡದ್ದು. ಅದೇ ಅಧ್ಯಯನದ 2011ರ ಪ್ರಬಂಧದ ಪ್ರಕಾರ ಹಾವು ಕಡಿದು ಸತ್ತವರಲ್ಲಿ ನೂರಕ್ಕೆ 77 ಮಂದಿ ಆಸ್ಪತ್ರೆಯ ಹೊರಗೇ ತೀರಿಕೊಂಡಿದ್ದರು. ಮನೆಯಲ್ಲಿ, ದಾರಿಯಲ್ಲಿ, ನಾಟಿ ಔಷಧಿ ಕೊಡುವವರ ಜಗಲಿಯಲ್ಲಿ ಹೋದ ಜೀವ ಯಾವ ವಾರ್ಡಿನ ರಿಜಿಸ್ಟರಿಗೂ ಕಾಣುವುದಿಲ್ಲ.

ಇದು ಬರೀ ಅಂಕಿಅಂಶದ ಜಗಳವಾಗಿದ್ದರೆ ಬಿಡಬಹುದಿತ್ತು. ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷಕ್ಕೆ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕುವಾಗ ಸಾಮಾನ್ಯವಾಗಿ ನೋಡುವುದು ಹಿಂದಿನ ವರ್ಷದ ಬಳಕೆಯನ್ನು. ಸ್ಟಾಕ್ ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಳಕೆ ಸೊನ್ನೆ. ಬಳಕೆ ಸೊನ್ನೆ ಇರುವಲ್ಲಿಗೆ ಮುಂದಿನ ವರ್ಷವೂ ಸ್ಟಾಕ್ ಬರುವುದಿಲ್ಲ. ಈ ಗಾಣದ ಸುತ್ತು ಒಡೆಯಬೇಕಾದರೆ ಬಳಕೆಯನ್ನು ಬಿಟ್ಟು ಅಗತ್ಯವನ್ನು ಅಳೆದ ಸಂಖ್ಯೆಯೊಂದು ಬೇಕು.

ವಿಶ್ವ ಆರೋಗ್ಯ ಸಂಸ್ಥೆ ಇರುವ ಜಿನೀವಾದ ಬಾಗಿಲು ಹೇಗೆ ತೆರೆಯಿತು ಎನ್ನುವುದನ್ನೂ ತಿಳಿದಿರಿ. ಆಫ್ರಿಕದ ಹಾವುಗಳಿಗೆಂದು ತಯಾರಾಗುತ್ತಿದ್ದ ಫಾವ್-ಆಫ್ರಿಕ್ ಎಂಬ ಪ್ರತಿವಿಷದ ಉತ್ಪಾದನೆಯನ್ನು ಸನೋಫಿ ಕಂಪನಿ 2014ರಲ್ಲಿ ನಿಲ್ಲಿಸಿತು. ಕೊನೆಯ ಬ್ಯಾಚಿನ ಅವಧಿ 2016ರ ಜೂನಿಗೆ ಮುಗಿಯುತ್ತಿತ್ತು. ಗಡಿರಹಿತ ವೈದ್ಯರ ಸಂಸ್ಥೆ 2015ರಲ್ಲಿ ಇದನ್ನು ಎತ್ತಿ ಹೇಳಿದ ಮೇಲೆ ವಿಷಯ ಬಿಸಿಯಾಯಿತು. 2017ರ ಜೂನಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2018ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯ ನಿರ್ಣಯ, 2019ರ ಮೇನಲ್ಲಿ ಕಾರ್ಯತಂತ್ರ: 2030ರೊಳಗೆ ಸಾವು ಮತ್ತು ಅಂಗವೈಕಲ್ಯವನ್ನು ಅರ್ಧಕ್ಕಿಳಿಸುವುದು. ಈ ಪ್ರಯತ್ನದಲ್ಲಿ ಮುಂದೆ ನಿಂತದ್ದು ಕೋಸ್ಟರಿಕ ಮತ್ತು ಕೊಲಂಬಿಯ. ಕೋಸ್ಟರಿಕದಲ್ಲಿರುವುದು ಬೆಂಗಳೂರಿನ ಅರ್ಧದಷ್ಟೂ ಜನ ಅಲ್ಲ. ಆದರೆ ಅಲ್ಲಿನ ವಿಶ್ವವಿದ್ಯಾಲಯದ ಕ್ಲೊಡೊಮಿರೊ ಪಿಕಾಡೊ ಸಂಸ್ಥೆ ಪ್ರತಿವಿಷವನ್ನೂ ತಯಾರಿಸುತ್ತದೆ, ಅದರ ಮೇಲೆ ದಶಕಗಟ್ಟಲೆ ಸಂಶೋಧನೆಯನ್ನೂ ಮಾಡಿದೆ. ತಮ್ಮ ಪ್ರತಿನಿಧಿಯ ಕೈಗೆ ಕೊಡಲು ಅವರ ಬಳಿ ಕಾಗದ ಸಿದ್ಧವಿತ್ತು. ಜಗತ್ತಿನಲ್ಲೇ ಅತಿ ಹೆಚ್ಚು ಸಾವು ಆಗುವ ದೇಶದಿಂದ ಆ ಮುಂದಾಳುತನ ಬರಲಿಲ್ಲ ಎಂಬುದನ್ನು ನಿಮ್ಮ ತಲೆಮಾರಿನವರು ಸ್ವಲ್ಪ ಯೋಚಿಸಬೇಕು.

ಅಲ್ಲಿಗೆ ನೀವೇ ಹೋಗಿ ಮಾತಾಡಬಹುದೇ? ಸಭೆಯಲ್ಲಿ ಮತ ಹಾಕುವುದು ಸದಸ್ಯ ರಾಷ್ಟ್ರಗಳು. ಸಂಸ್ಥೆಯ ಜೊತೆ ಅಧಿಕೃತ ಸಂಬಂಧ ಇರುವ ಸಂಘಟನೆಗಳಿಗೆ ಚಿಕ್ಕ ಹೇಳಿಕೆ ಓದಲು ಅವಕಾಶ ಉಂಟು. ವ್ಯಕ್ತಿಯಾಗಿ ನಿಮಗೆ ಮೈಕು ಇಲ್ಲ. ಮೇ ತಿಂಗಳ ಸಭೆಯ ಕಾರ್ಯಸೂಚಿಯನ್ನು 34 ಸದಸ್ಯರ ಕಾರ್ಯನಿರ್ವಾಹಕ ಮಂಡಳಿ ವರ್ಷದ ಆರಂಭದಲ್ಲೇ ಚರ್ಚಿಸಿರುತ್ತದೆ. ಅದಕ್ಕೂ ಮೊದಲು ಆಗ್ನೇಯ ಏಷ್ಯಾ ವಲಯದ ಸಮಿತಿ ಸಾಮಾನ್ಯವಾಗಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಸೇರುತ್ತದೆ. ಯುವ ಪ್ರತಿನಿಧಿಯ ಬ್ಯಾಡ್ಜು ಹಾಕಿಕೊಂಡು ಮೇನಲ್ಲಿ ಹೋದವರಿಗೆ ಒಳ್ಳೆಯ ಫೋಟೊ ಸಿಗುತ್ತದೆ. ನಿರ್ಣಯದ ಕರಡಿನ ವಾಕ್ಯಗಳು ಹೆಚ್ಚುಪಾಲು ಅಷ್ಟು ಹೊತ್ತಿಗೆ ಗಟ್ಟಿಯಾಗಿರುತ್ತವೆ. ವೀಸಾದ ಕಥೆ ಬೇರೆ: 2022ರಲ್ಲಿ ಮಾಂಟ್ರಿಯಲ್‌ನ ಏಡ್ಸ್ ಸಮ್ಮೇಳನಕ್ಕೆ ಆಫ್ರಿಕ, ಏಷ್ಯಾದ ಎಷ್ಟೋ ಪ್ರತಿನಿಧಿಗಳಿಗೆ ವೀಸಾನೇ ಸಿಗಲಿಲ್ಲ. ಜಿನೀವಾಕ್ಕೆ ಹೋಗಿಬರುವ ಖರ್ಚಿನಲ್ಲಿ ಒಂದು ವರ್ಷದ ಕ್ಷೇತ್ರಕಾರ್ಯ ಮುಗಿಯುತ್ತದೆ.

ನಿಮಗೆ ಹತ್ತಿರದ ಬಾಗಿಲು ಇಲ್ಲೇ ಇದೆ. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಅಧಿಸೂಚನೆ ಹೊರಡಿಸಿತು. ಮಾರ್ಚ್‌ನಲ್ಲಿ ಕೇಂದ್ರದ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು, ಗುರಿ ಅದೇ 2030, ಅದೇ ಅರ್ಧ. ಎಲ್ಲ ರಾಜ್ಯಗಳೂ ಹೀಗೆಯೇ ಅಧಿಸೂಚನೆ ಹೊರಡಿಸಿ ಎಂದು ಕೇಂದ್ರ ಪತ್ರ ಬರೆದದ್ದು ಆ ವರ್ಷದ ನವೆಂಬರಿನಲ್ಲಿ. ಅಂದರೆ ಈ ವಿಷಯದಲ್ಲಿ ರಾಜ್ಯ ಮುಂದೆ ನಡೆದಿದೆ. ನಿಮ್ಮ ಎರಡು ತಾಲ್ಲೂಕಿನ ಲೆಕ್ಕ ಇಲ್ಲಿ ಬೆಲೆಬಾಳುತ್ತದೆ.

ಈಗ ಲೆಕ್ಕಕ್ಕೆ ಬರೋಣ.

ಆಸ್ಪತ್ರೆಯಲ್ಲಿ ಒಂದೇ ರಿಜಿಸ್ಟರ್ ನೋಡಿದರೆ ಸಾಲದು. ಕ್ಯಾಶುವಾಲ್ಟಿ, ಒಳರೋಗಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ) ಈ ಮೂರನ್ನೂ, ಬೇರೆ ಊರಿಗೆ ಕಳಿಸಿದ ರೆಫರಲ್ ಪುಸ್ತಕವನ್ನೂ ನೋಡಿ. ಕಾಯಿಲೆ ಕೋಡ್ ಹಾಕುವಲ್ಲಿ ಟಿ63.0 (ಹಾವಿನ ವಿಷ), ಎಕ್ಸ್20 (ವಿಷದ ಹಾವಿನ ಸಂಪರ್ಕ) ಎರಡನ್ನೂ ಹುಡುಕಬೇಕು. ಆದರೆ ಕೋಡಿನಿಂದ ಸಿಗುವುದು ಅರ್ಧವೂ ಅಲ್ಲ. ನಮ್ಮ ಹಳ್ಳಿಗಳಲ್ಲಿ ಹಾವಿನ ಹೆಸರು ಎತ್ತದೆ "ಹುಳ ಮುಟ್ಟಿದೆ" ಅನ್ನುತ್ತಾರೆ. ರಾತ್ರಿ ಪಾಳಿಯ ಹೊಸ ಡಾಕ್ಟರು ಅದನ್ನು ಕೀಟ ಎಂದು ತಿಳಿದು ಬರೆಯುವುದುಂಟು. ಇಲ್ಲವೇ "ಅನ್‌ನೋನ್ ಬೈಟ್". ಕಟ್ಟುಹಾವು ಕಚ್ಚಿದ್ದರೆ ಇನ್ನೂ ಕಷ್ಟ: ಊತವಿಲ್ಲ, ನೋವಿಲ್ಲ, ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಎಂದು ಬರುತ್ತಾರೆ, ಆಮೇಲೆ ರೆಪ್ಪೆ ಜೋಲುತ್ತದೆ. ಹಾಗಾಗಿ "ಹುಳ", "ವಿಷಜಂತು", "ಅನ್‌ನೋನ್ ಬೈಟ್", "ಇನ್ಸೆಕ್ಟ್ ಬೈಟ್" ಈ ಎಲ್ಲ ನಮೂದುಗಳ ಕೇಸ್ ಶೀಟು ತೆಗೆಸಿ, ಎಎಸ್‌ವಿ ಕೊಟ್ಟಿದ್ದಾರಾ ಎಂದು ಔಷಧಿ ಚಾರ್ಟಿನಲ್ಲಿ ನೋಡಿ.

ಎರಡನೇ ಪಟ್ಟಿ ಪೊಲೀಸ್ ಠಾಣೆಯ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. 2024ರ ಜುಲೈ 1ಕ್ಕಿಂತ ಹಿಂದಿನವು ಸಿಆರ್‌ಪಿಸಿ ಕಲಂ 174ರ ಅಡಿ ಇರುತ್ತವೆ, ಅನಂತರದವು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 194ರ ಅಡಿ. ಒಂದೇ ಕಲಂ ಕೇಳಿದರೆ ಅರ್ಧ ಪಟ್ಟಿ ತಪ್ಪಿಹೋಗುತ್ತದೆ. ಮೂರನೆಯದಾಗಿ ಮರಣ ನೋಂದಣಿ, ಪರಿಹಾರದ ಅರ್ಜಿಗಳು, 108ರ ದಾಖಲೆ, ಆಶಾ ಕಾರ್ಯಕರ್ತೆಯರ ನೆನಪು.

ಪಟ್ಟಿಗಳನ್ನು ಕೂಡಿಸಬೇಡಿ, ಹೊಂದಿಸಿ. ಯಾವ ಪಟ್ಟಿಗೂ ಸಿಗದ ಸಾವುಗಳನ್ನು ಅಂದಾಜು ಮಾಡುವ ಹಳೆಯ, ಸರಳ ದಾರಿ ಒಂದುಂಟು. ಮೀನು ಹಿಡಿದು, ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದು ಕೆರೆಯ ಮೀನು ಎಣಿಸುವ ಲೆಕ್ಕ. ಉದಾಹರಣೆಗೆ ಆಸ್ಪತ್ರೆ ಪಟ್ಟಿಯಲ್ಲಿ 60 ಸಾವು, ಪೊಲೀಸ್ ಪಟ್ಟಿಯಲ್ಲಿ 45, ಎರಡರಲ್ಲೂ ಇರುವವರು 30 ಎಂದಿಟ್ಟುಕೊಳ್ಳಿ. ಚಾಪ್‌ಮನ್ ಸೂತ್ರದಂತೆ ಮೂರಕ್ಕೂ ಒಂದೊಂದು ಕೂಡಿಸಿ, 61 ಗುಣಿಸು 46, ಭಾಗಿಸು 31, ಕಳೆ 1. ಸುಮಾರು 90. ಎರಡು ಪಟ್ಟಿ ಸೇರಿ ಕಂಡ ಹೆಸರು 75, ಕಾಣದವರು 15.

ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಈ ಸೂತ್ರ ಎರಡು ಪಟ್ಟಿಗಳು ಒಂದನ್ನೊಂದು ಅವಲಂಬಿಸಿಲ್ಲ ಎಂದು ನಂಬಿಕೊಂಡಿರುತ್ತದೆ. ಆದರೆ ಆಸ್ಪತ್ರೆಯಲ್ಲಿ ಸತ್ತರೆ ಎಂಎಲ್‌ಸಿ ಮಾಹಿತಿ ಠಾಣೆಗೆ ತಾನಾಗಿ ಹೋಗುತ್ತದೆ. ಅದರಿಂದ ಎರಡರಲ್ಲೂ ಇರುವವರ ಸಂಖ್ಯೆ ಉಬ್ಬುತ್ತದೆ, ಅಂದಾಜು ತಗ್ಗುತ್ತದೆ. ಆದ್ದರಿಂದ ನಿಮ್ಮ 90ನ್ನು "ಕನಿಷ್ಠ 90" ಎಂದೇ ಬರೆಯಿರಿ. ಆಶಾ ಪಟ್ಟಿಯನ್ನು ಮೂರನೆಯದಾಗಿ ಸೇರಿಸಿದರೆ ಈ ಅವಲಂಬನೆಯನ್ನು ಲೆಕ್ಕಕ್ಕೆ ತರುವ ಮಾದರಿ ಕಟ್ಟಬಹುದು. ಎರಡೇ ಪಟ್ಟಿಯಲ್ಲಿ ಅದು ಸಾಧ್ಯವಿಲ್ಲ. ಹೊಂದಿಸುವ ನಿಯಮವನ್ನು ಮೊದಲೇ ಬರೆದಿಡಿ: ಊರು ಒಂದೇ ಇರಬೇಕು, ಲಿಂಗ ಒಂದೇ, ವಯಸ್ಸು ಐದು ವರ್ಷ ಆಚೀಚೆ, ದಿನಾಂಕ ಎರಡು ದಿನ ಆಚೀಚೆ. ಹೆಸರು ಕೊನೆಗೆ ನೋಡಿ, ಯಾಕೆಂದರೆ ಮಂಜಪ್ಪ ಇನ್ನೊಂದು ಕಡೆ ಮಂಜುನಾಥ ಆಗಿರುತ್ತಾರೆ. ಇಬ್ಬರು ಬೇರೆ ಬೇರೆಯಾಗಿ ಹೊಂದಿಸಿ, ಆಮೇಲೆ ತಾಳೆ ನೋಡಬೇಕು. ಸಾವಿನ ದರ ತೆಗೆಯುವಾಗ ಛೇದಕ್ಕೆ 2011ರ ಜನಗಣತಿಯನ್ನೇ ಹಾಕಿದರೆ ದರ ಸುಳ್ಳಾಗುತ್ತದೆ. ಯಾವ ವರ್ಷದ ಅಂದಾಜು ಜನಸಂಖ್ಯೆ ಬಳಸಿದಿರಿ ಎಂಬುದನ್ನು ಕೋಷ್ಟಕದ ಕೆಳಗೆ ಬರೆಯಿರಿ.

ರಿಜಿಸ್ಟರಿನ ಆಚೆ ಒಂದು ವಸ್ತುವನ್ನು ಮಾತ್ರ ನೀವು ಕಣ್ಣಾರೆ ನೋಡಲೇಬೇಕು: ಗಾಜಿನ ಟ್ಯೂಬು. ಕೊಳಕುಮಂಡಲದಂಥ ವೈಪರ್ ಹಾವು ಕಚ್ಚಿದೆಯೋ ಎಂದು ತಿಳಿಯಲು ನಮ್ಮ ಮಾರ್ಗಸೂಚಿಗಳಲ್ಲಿ ಇರುವುದು 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ಹೊಸದಾದ, ಒಣಗಿದ ಗಾಜಿನ ಟ್ಯೂಬಿಗೆ 2 ಮಿಲಿ ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ನಿಲ್ಲಿಸಿ, ಒಮ್ಮೆ ವಾಲಿಸಿ ನೋಡುವುದು. ನೀರಿನ ಹಾಗೆ ಹರಿದರೆ ವಿಷ ರಕ್ತದಲ್ಲಿ ಕೆಲಸ ಮಾಡುತ್ತಿದೆ. ಇದರ ಗುಟ್ಟು ಗಾಜಿನಲ್ಲಿದೆ: ಗಾಜಿನ ಮೈ ತಾಗಿಯೇ ಹೆಪ್ಪುಗಟ್ಟುವ ಕ್ರಿಯೆ ಶುರುವಾಗುವುದು. ಪ್ಲಾಸ್ಟಿಕ್ ಟ್ಯೂಬಾದರೆ, ಅಥವಾ ಸೋಪಿನ ಪುಡಿಯಲ್ಲಿ ತೊಳೆದ ಹಳೆ ಗಾಜಾದರೆ, ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಆಗ ವಿಷವೇ ಇಲ್ಲದ ಹಾವು ಕಚ್ಚಿದವರಿಗೂ 10 ವಯಲ್ (ಚಿಕ್ಕ ಸೀಸೆ) ಎಎಸ್‌ವಿ ಹೋಗುತ್ತದೆ, ರಿಜಿಸ್ಟರಿನಲ್ಲಿ "ವೈಪರ್" ಎಂದು ಬೀಳುತ್ತದೆ, ಜಿಲ್ಲೆಯ ವರದಿಯಲ್ಲಿ ಕೊಳಕುಮಂಡಲದ ಪಾಲು ಏರುತ್ತದೆ. ಬೇಗ ಬಂದವರಲ್ಲಿ ತಿರುಗುಮುರುಗು: ಮೊದಲ ಪರೀಕ್ಷೆ ಸರಿಯಾಗಿಯೇ ಬಂದು, ವಿಷ ಆಮೇಲೆ ಏರುತ್ತದೆ, ಹಾಗಾಗಿ ಮತ್ತೆ ಮತ್ತೆ ಮಾಡಬೇಕು. ಎಎಸ್‌ವಿ ಕೊಟ್ಟ ಮೇಲೆ 6 ಗಂಟೆ ಬಿಟ್ಟು ನೋಡುವುದು, ಯಾಕೆಂದರೆ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಮತ್ತೆ ತಯಾರಿಸಲು ಅಷ್ಟು ಹೊತ್ತು ಬೇಕು. ನಿಮ್ಮ ಶೀಟಿನಲ್ಲಿ "ಟ್ಯೂಬ್: ಗಾಜು / ಪ್ಲಾಸ್ಟಿಕ್ / ಗೊತ್ತಿಲ್ಲ" ಎಂಬ ಒಂದು ಕಾಲಂ ಸೇರಿಸಿ. ಲ್ಯಾಬ್ ಟೆಕ್ನೀಶಿಯನ್‌ರಿಗೆ "ಸರ್, ಒಂದು ಟ್ಯೂಬ್ ತೋರಿಸ್ತೀರಾ" ಎಂದು ಕೇಳಿದರೆ ಸಾಕು.

ಮಲೆನಾಡಿನವರಾದ್ದರಿಂದ ಇನ್ನೊಂದು. ನಮ್ಮ ಎಎಸ್‌ವಿ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಅದಕ್ಕೆ ಬೇಕಾದ ವಿಷ ಬಹುಮಟ್ಟಿಗೆ ಬರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ ಎಂಬುದನ್ನು ಬೆಂಗಳೂರಿನ ಐಐಎಸ್‌ಸಿಯ ಕೆಲಸಗಳು ತೋರಿಸಿವೆ. ಕಾಫಿ, ಅಡಿಕೆ ತೋಟದಲ್ಲಿ ಕಚ್ಚುವ ಹಂಪ್‌ನೋಸ್ಡ್ ಪಿಟ್ ವೈಪರ್ ಈ ನಾಲ್ಕರಲ್ಲಿ ಇಲ್ಲ. ಅದಕ್ಕೆ ಈ ಎಎಸ್‌ವಿ ಕೆಲಸ ಮಾಡುವುದಿಲ್ಲ, ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಮಾತ್ರ ಉಂಟು. ಹಾಗಾಗಿ ಹಾವಿನ ಜಾತಿಯ ಕಾಲಮ್ಮಿನಲ್ಲಿ ಫೋಟೊ ಅಥವಾ ಹಾವನ್ನೇ ನೋಡಿ ಗುರುತಿಸಿದ್ದನ್ನು ಮಾತ್ರ ಬರೆದು, ಮನೆಯವರ ಮಾತಿಗೆ ಬೇರೆ ಕಾಲಂ ಕೊಡಿ.

ಲೆಕ್ಕ ಸಿದ್ಧವಾದ ಮೇಲೆ ಯಾರ ಮೇಜಿಗೆ? ಸಚಿವರಿಗೆ ಮನವಿ ಕೊಟ್ಟು ಫೋಟೊ ತೆಗೆಸಿಕೊಳ್ಳುವುದರಿಂದ ವಯಲ್ ಬರುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿ, ಜಿಲ್ಲಾ ಸರ್ವೇಕ್ಷಣಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ), ಇದೇ ಕ್ರಮ. ರಾಷ್ಟ್ರೀಯ ಆರೋಗ್ಯ ಅಭಿಯಾನದ ದುಡ್ಡು ಪಿಐಪಿ ಎಂಬ ಯೋಜನಾ ದಾಖಲೆಯಲ್ಲಿ ಸಾಲಾಗಿ ಸೇರಿದರೆ ಮಾತ್ರ ಬರುವುದು, ಆ ಸಾಲು ಹುಟ್ಟುವುದು ಜಿಲ್ಲಾ ಆರೋಗ್ಯ ಕ್ರಿಯಾ ಯೋಜನೆಯಲ್ಲಿ. ರಾಜ್ಯ ಬಜೆಟ್ ಫೆಬ್ರುವರಿ–ಮಾರ್ಚಿನಲ್ಲಿ. ಇಲಾಖೆಯ ಒಳಗಿನ ತಯಾರಿ ಚಳಿಗಾಲದಲ್ಲೇ ಮುಗಿಯುತ್ತದೆ. ಹಾವು ಕಡಿತ ಏರುವುದು ಜೂನ್‌ನಿಂದ ಸೆಪ್ಟೆಂಬರ್. ಜೂನಿನಲ್ಲಿ ಪತ್ರಿಕೆಗೆ ಲೇಖನ ಬರೆಯುವ ಬದಲು ನವೆಂಬರಿನಲ್ಲಿ ಒಂದು ಪುಟದ ಟಿಪ್ಪಣಿ ಕೊಟ್ಟರೆ ಅದಕ್ಕೆ ಹತ್ತು ಪಟ್ಟು ತೂಕ.

ಟಿಪ್ಪಣಿಗೆ 1:3:25 ಎಂಬ ಅಳತೆ ರೂಢಿಯಲ್ಲಿದೆ: ಒಂದು ಪುಟ ಕೋರಿಕೆ, ಮೂರು ಪುಟ ಸಾರಾಂಶ, 25 ಪುಟ ವಿಧಾನ ಮತ್ತು ಕೋಷ್ಟಕ. ಓದುವುದು ಮೊದಲ ಪುಟವನ್ನು ಮಾತ್ರ. ಅದು ಕನ್ನಡದಲ್ಲೂ ಇರಲಿ. "ಜಾಗೃತಿ ಮೂಡಿಸಬೇಕು", "ಬಹುವಲಯ ಸಹಭಾಗಿತ್ವ ಬಲಪಡಿಸಬೇಕು" ಇಂಥ ವಾಕ್ಯ ಕಂಡರೆ ಹೊಡೆದುಹಾಕಿ. ಅದನ್ನು ಓದಿದವರು ಯಾರೂ ನಾಳೆ ಬೆಳಿಗ್ಗೆ ಏನನ್ನೂ ಮಾಡಬೇಕಾಗಿಲ್ಲ. ಹೀಗೆ ಬರೆಯಿರಿ: ಮಳೆಗಾಲದ ಗರಿಷ್ಠ ತಿಂಗಳಲ್ಲಿ ವಿಷವೇರಿದವರು 12 ಮಂದಿ, ತಲೆಗೆ ಸರಾಸರಿ 15 ವಯಲ್, ತಿಂಗಳಿಗೆ 180. ಹೊಸ ಸ್ಟಾಕ್ ಬರಲು 21 ದಿನ ಹಿಡಿದರೆ ಆ ಅವಧಿಗೆ 126, ತುರ್ತಿಗೆ 30, ಒಟ್ಟು 156. ಸ್ಟಾಕ್ 156ಕ್ಕಿಳಿದ ದಿನವೇ ಇಂಡೆಂಟ್ ಹೋಗಬೇಕು. ಇವು ಉದಾಹರಣೆಯ ಅಂಕಿಗಳು, ನಿಮ್ಮ ತಾಲ್ಲೂಕಿನದನ್ನು ಹಾಕಿಕೊಳ್ಳಿ. ಜೊತೆಗೆ ಒಂದು ಸಾಲು: ಲ್ಯಾಬಿಗೆ ಗಾಜಿನ ಟ್ಯೂಬು. ಈ ಪಟ್ಟಿಯಲ್ಲಿ ಅತಿ ಅಗ್ಗದ ಬಾಬ್ತು ಅದೇ, ಅತಿ ಸುಲಭವಾಗಿ ಬಿಟ್ಟುಹೋಗುವುದೂ ಅದೇ.

ಸ್ಟಾಕಿನ ಅಂಕಿ ಬಾಯಿಮಾತಿನಲ್ಲಿ ಸಿಗದಿದ್ದರೆ ಆರ್‌ಟಿಐ ಇದೆ: 10 ರೂಪಾಯಿ, 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಎಷ್ಟೋ ವಿದ್ಯಾರ್ಥಿಗಳ ಅರ್ಜಿ ವಾಪಸ್ ಬರುವುದು ಇದಕ್ಕೇ. ಆದರೆ ಮೊದಲು ಕೇಳಿ ನೋಡಿ. ಆರ್‌ಟಿಐ ಹಾಕಿದ ಕಚೇರಿಯಲ್ಲಿ ಮುಂದಿನ ಸಲ ಕುರ್ಚಿ ಸಿಗುವುದು ಕಷ್ಟ.

ಇನ್ನು ವಿದೇಶಿ ತಂಡ. ಸಹಯೋಗ ಬೇಡ ಎನ್ನುವುದಿಲ್ಲ, ಆದರೆ ಫೈಲು ಕಳಿಸುವ ಮೊದಲು ಮೂರು ಕಾಗದ ಬೇಕು. ನಿಮ್ಮ ಎಥಿಕ್ಸ್ ಕಮಿಟಿಯ ತಿದ್ದುಪಡಿ ಅನುಮತಿ, ಯಾಕೆಂದರೆ ಮೊದಲ ಅನುಮತಿಯಲ್ಲಿ ಹೊರಗೆ ಡೇಟಾ ಕಳಿಸುವ ಮಾತು ಇರುವುದಿಲ್ಲ. ವಿದೇಶಿ ಸಹಯೋಗ ಅಥವಾ ಅನುದಾನವಾದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮೂಲಕ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ಹಾಗಾಗಿ "ಡೆಡ್‌ಲೈನ್ ಮುಂದಿನ ವಾರ" ಅನ್ನುವವರಿಗೆ ಆಗುವುದಿಲ್ಲ ಎಂದೇ ಹೇಳಿ. ಮೂರನೆಯದು ಎರಡೂ ಸಂಸ್ಥೆ ಸಹಿ ಹಾಕಿದ ಡೇಟಾ ಒಪ್ಪಂದ. ಹೆಸರು ಅಳಿಸಿದರೆ ಗುರುತು ಅಳಿಯಿತು ಎಂದುಕೊಳ್ಳಬೇಡಿ: ಚಿಕ್ಕ ಊರಿನಲ್ಲಿ ವಯಸ್ಸು, ಗ್ರಾಮ, ಸತ್ತ ದಿನ ಈ ಮೂರು ಸೇರಿದರೆ ಮನೆಯೇ ಗೊತ್ತಾಗುತ್ತದೆ. ಗ್ರಾಮವನ್ನು ಹೋಬಳಿ ಮಾಡಿ, ದಿನಾಂಕವನ್ನು ತಿಂಗಳು ಮಾಡಿ. ವಿಷದ ಮಾದರಿ ಕೇಳಿದರೆ ಅದು ಬೇರೆಯದೇ ದಾರಿ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮುಟ್ಟಬೇಡಿ.

ಪೇಪರಿನಲ್ಲಿ ಲೇಖಕರ ಹೆಸರು ಬರುವ ಕ್ರಮವನ್ನು ವಿಶ್ಲೇಷಣೆಗೆ ಮೊದಲು ಇಮೇಲಿನಲ್ಲಿ ಬರೆಸಿಕೊಳ್ಳಿ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಾಲ್ಕು ಷರತ್ತು ನಿಮಗೆ ಬಾಯಿಪಾಠ ಇರಲಿ: ವಿನ್ಯಾಸ, ಡೇಟಾ ಸಂಗ್ರಹ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲು, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಕೆಲಸದ ಹೊಣೆ. ಹಲವರು ಮಾಡುವ ಚಲಾಕಿ ಏನೆಂದರೆ ಡೇಟಾ ತಂದವರಿಗೆ ಕರಡನ್ನೇ ತೋರಿಸದೆ, ಎರಡನೇ ಷರತ್ತು ಪೂರೈಸಿಲ್ಲ ಎಂದು ಕೃತಜ್ಞತೆಯ ಸಾಲಿಗೆ ತಳ್ಳುವುದು. ಕರಡು ತಿದ್ದುವ ಅವಕಾಶವನ್ನು ಕೇಳಿ ಪಡೆಯಿರಿ, ನಿಮ್ಮ ತಾಲ್ಲೂಕಿನ ಡಾಕ್ಟರಿಗೂ ಕೊಡಿಸಿ. ವಿಶ್ಲೇಷಣೆ ಅವರ ದೇಶದಲ್ಲೇ ಆಗಬೇಕು ಎಂದರೆ ಒಪ್ಪಬೇಡಿ. ವಿಶ್ಲೇಷಣೆಯ ಕಂಪ್ಯೂಟರ್ ಕೋಡು ಜೊತೆಯಾಗಿ ಬರೆಯೋಣ ಅನ್ನಿ. ನಡುಸಾಲಿನ "ಸ್ಥಳೀಯ ಸಹಲೇಖಕ" ಆಗುವುದಕ್ಕಿಂತ ಚಿಕ್ಕ ಪತ್ರಿಕೆಯಲ್ಲಿ ಮೊದಲ ಹೆಸರು ಮೇಲು.

ಹೊರಗಿನ ದುಡ್ಡನ್ನು ನಂಬಿ ಕೂರುವ ಕಾಲವೂ ಇದಲ್ಲ. 2025ರ ಜನವರಿಯಲ್ಲಿ ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಬೀಳುವುದಾಗಿ ಘೋಷಿಸಿತು. ಮೇ ತಿಂಗಳಲ್ಲಿ ಸಂಸ್ಥೆಯ 2026–27ರ ಬಜೆಟ್ಟನ್ನು ಮೊದಲ ಪ್ರಸ್ತಾವಕ್ಕಿಂತ ಶೇಕಡ 21ರಷ್ಟು ತಗ್ಗಿಸಿ 420 ಕೋಟಿ ಡಾಲರಿಗೆ ನಿಲ್ಲಿಸಲಾಯಿತು. ಪಟ್ಟಿ ಹೊಂದಿಸುವ ಕೆಲಸಕ್ಕೆ ಬೇಕಾದ ಖರ್ಚು ಹೆಚ್ಚುಕಡಿಮೆ ಬಸ್ ಚಾರ್ಜು, ಜೆರಾಕ್ಸು, ಇನ್ನೊಬ್ಬ ಸಹಾಯಕರ ಸಂಬಳ.

ಸಂಖ್ಯೆ ಕೈಗೆ ಬಂದ ಮೇಲೆ ಜರ್ನಲಿಗೂ ಪತ್ರಕರ್ತರಿಗೂ ಕೊಡುವ ಮೊದಲು ಡಿಎಚ್‌ಒಗೆ ತೋರಿಸಿ, 15 ದಿನ ಸಮಯ ಕೊಡಿ. ತಿದ್ದಲು ಬಿಡಬೇಡಿ, ಅವರ ವಿವರಣೆ ಬಂದರೆ ಸೇರಿಸಿ. ಗ್ರಾಫಿನ ಕೆಳಗೆ ಒಂದು ಟಿಪ್ಪಣಿ ತಪ್ಪದೆ ಹಾಕಿ: 2024ರ ಫೆಬ್ರುವರಿಯಿಂದ ವರದಿ ಕಡ್ಡಾಯ, ಅಲ್ಲಿಂದಾಚೆಯ ಏರಿಕೆಯಲ್ಲಿ ವರದಿಯ ಏರಿಕೆಯೂ ಸೇರಿದೆ. ಅದಿಲ್ಲದಿದ್ದರೆ ಮರುದಿನದ ಪತ್ರಿಕೆಯಲ್ಲಿ "ಜಿಲ್ಲೆಯಲ್ಲಿ ಹಾವು ಕಡಿತ ದುಪ್ಪಟ್ಟು" ಎಂದು ಬರುತ್ತದೆ. ಆಮೇಲೆ ಕಡಿತಗಳನ್ನು ಸರಿಯಾಗಿ ಬರೆದಿಟ್ಟ ಆಸ್ಪತ್ರೆಗೇ ನೋಟಿಸು ಹೋಗುತ್ತದೆ.